ಮಲ್ಲಿಗೆ ಕುಟುಂಬದ್ದಲ್ಲ

೧೨ ಜೂನ್ ೧೯೮೧

ಅತ್ತೆಗೆ ನಮಸ್ಕಾರ.

ಬಂದು ಸೇರಿದೆ. ಸಸ್ಯೋದ್ಯಾನ ಅಂದಕೂಡಲೇ ನೀವು ಕಾರಂಜಿ, ಹೂವಿನ ಪಾತಿ, ಕೂರುವುದಕ್ಕೆ ಕಲ್ಲುಬೆಂಚು ಅಂತೆಲ್ಲ ಅಂದುಕೊಂಡಿದ್ದಿರಿ. ಅವೆಲ್ಲ ಗೇಟಿನ ಹತ್ತಿರ ಇವೆ. ನನ್ನ ಕೋಣೆಯಲ್ಲಿ ಹಸಿರು ಅನ್ನುವುದೇ ಇಲ್ಲ. ಗೋಡೆಯುದ್ದಕ್ಕೂ ತಗಡಿನ ಬೀರುಗಳು, ಅವುಗಳ ತುಂಬ ಒಣಗಿಸಿ ಕಾಗದಕ್ಕೆ ಅಂಟಿಸಿದ ಗಿಡಗಳು. ನ್ಯಾಫ್ತಲಿನ್ ವಾಸನೆ ಆಗಲೇ ಕೂದಲಿಗೂ ಹತ್ತಿದೆ. ಕಾಗದಕ್ಕೆ ಬೆಂಕಿ ತಗುಲೀತು ಅಂತ ಒಲೆ, ಹೀಟರ್ ಏನನ್ನೂ ಒಳಗೆ ಬಿಡುವುದಿಲ್ಲ. ನಿಮ್ಮ ಶಾಲು ಹೊದ್ದು ಕೂತಿದ್ದೇನೆ.

ನಿರ್ದೇಶಕರನ್ನು ಇಲ್ಲಿ ಎಲ್ಲರೂ ದೊಡ್ಡ ಮೇಷ್ಟ್ರು ಅನ್ನುತ್ತಾರೆ. ಈ ಬೆಟ್ಟಗಳ ಗಿಡಗಳನ್ನೆಲ್ಲ ಒಂದು ಪುಸ್ತಕಕ್ಕೆ ತರುತ್ತಿದ್ದಾರೆ. ನನ್ನ ಪಾಲಿಗೆ ಬಂದದ್ದು ಒಂದೇ ಒಂದು ಗಿಡ. ಬಂಡೆಸಂದಿಯಲ್ಲಿ ಬೆಳೆಯುವ ಮಂಡಿಯೆತ್ತರದ ಪೊದೆ, ಬಿಳಿ ಹೂವು. ಅವರೇ ತರುಣರಾಗಿದ್ದಾಗ ಕಂಡುಹಿಡಿದು ಮಲ್ಲಿಗೆ ಕುಟುಂಬಕ್ಕೆ ಸೇರಿಸಿದ್ದು. ಬಳ್ಳಿಯಾಗುವ ಮೊದಲು ಮಲ್ಲಿಗೆಯ ಪೂರ್ವಜರು ಹೀಗೇ ಇದ್ದರು ಅಂತ ಅದನ್ನಿಟ್ಟುಕೊಂಡು ದೊಡ್ಡ ವಾದವನ್ನೇ ಕಟ್ಟಿದರು. ಅವರ ಹೆಸರು ಬೆಳೆದದ್ದು ಅದರಿಂದಲೇ. ನಾನು ಅದರ ಹೂವು, ಪರಾಗ, ಕಾಯಿ ಎಲ್ಲ ನೋಡಿ ಪೂರ್ತಿ ವಿವರ ಬರೆಯಬೇಕು. ಹೂ ಬಿಡುವುದು ವರ್ಷಕ್ಕೊಂದು ಸಲ, ನವೆಂಬರಿನಲ್ಲಿ.

ಒಂದು ವರ್ಷ, ಅತ್ತೆ. ಅಷ್ಟೇ. ಗುಬ್ಬಿ ಅತ್ತಳಾ? ಇವರು ಏನಾದರೂ ಅಂದರಾ? ಇಲ್ಲಿ ಫೋನು ದೊಡ್ಡ ಮೇಷ್ಟ್ರ ಮೇಜಿನ ಮೇಲೆ ಮಾತ್ರ ಇದೆ. ಕಾಗದವನ್ನೇ ಬರೆಯಿರಿ.

ನಿಮ್ಮ ಸೊಸೆ


೩ ಜುಲೈ ೧೯೮೧

ಏ ಹುಡುಗಿ,

ಫೋನಿನ ಮಾತೇ ಬೇಡ. ನಡುವೆ ಕೂತ ಆಪರೇಟರ್ ಎಷ್ಟು ಕಿವಿಯಾಗಿರ್ತಾಳೆ ಅಂತ ನನಗಿಂತ ಚೆನ್ನಾಗಿ ಗೊತ್ತಿರೋರು ಯಾರು? ನಿವೃತ್ತಿಯಾಗೋ ತನಕ ಊರಿನ ಗಂಡಹೆಂಡಿರ ಜಗಳವೆಲ್ಲ ಕೇಳಿಸಿಕೊಂಡೇ ಸಂಬಳ ತಗೊಂಡವಳು ನಾನು.

ನಿನ್ನ ಮಗಳು ಎರಡು ದಿನ ಅತ್ತಳು, ಮೂರನೇ ದಿನ ಇಡೀ ಬಿಸ್ಕತ್ತಿನ ಡಬ್ಬ ಖಾಲಿ ಮಾಡಿದಳು. ನಾಲ್ಕು ವರ್ಷದ ಮಗೂ ದುಃಖ ಅಷ್ಟೇ ಉದ್ದ ಇರೋದು. ನನ್ನ ಮಂಡಿ ನೋಡು, ಮೂರನೇ ಮಹಡಿಯಿಂದ ಇಳಿಯೋದೇ ಇಲ್ಲ ಅಂತ ಹಟ ಹಿಡಿದಿದೆ. ಹಾಗಾಗಿ ಅಜ್ಜಿ ಮೊಮ್ಮಗಳು ಇಬ್ಬರೂ ಕಿಟಕಿಗೆ ಗಲ್ಲ ಊರಿಕೊಂಡು ರಸ್ತೆ ನೋಡ್ತೀವಿ. ಎದುರಿಗೆ ಟೈರ್ ಅಂಗಡಿ. ಯಾರ ಗಾಡಿ ಯಾವಾಗ ಪಂಕ್ಚರ್ ಆಯ್ತು ಅಂತ ಕೇಳು, ಹೇಳ್ತೀವಿ.

ನನ್ನ ಮಗ ಫ್ಯಾಕ್ಟರಿಗೆ ಹೋಗ್ತಾನೆ, ಬರ್ತಾನೆ. ಮಾತು ಕಮ್ಮಿ, ನಿನಗೆ ಗೊತ್ತಿರೋದೇ. ನೀನು ನಿನ್ನ ಗಿಡ ನೋಡು. ಮದುವೆಗೆ ಮುಂಚೆ ಮೂಲೆಗಿಟ್ಟ ಓದು ಈಗ ಕೈಗೆ ಸಿಕ್ಕಿದೆ, ಬಿಡಬೇಡ. ಮನೆ ನಾನು ನೋಡ್ಕೋತೀನಿ.

ಅತ್ತೆ


೨೦ ನವೆಂಬರ್ ೧೯೮೧

ಅತ್ತೆ,

ಹೂ ಬಂತು. ಬಂಡೆ ಹತ್ತಿ ಇಳಿದು ಮೊಣಕೈ ತರಚಿದೆ, ಆದರೂ ಸಂತೋಷಕ್ಕೆ ನೋವೇ ಗೊತ್ತಾಗುತ್ತಿಲ್ಲ.

ಕೇಳಿ. ಮಲ್ಲಿಗೆ ಹೂವಿನಲ್ಲಿ ಎರಡೇ ಕೇಸರ. ಈ ಹೂವಿನಲ್ಲೂ ಎರಡೇ. ಅದನ್ನು ನೋಡಿಯೇ ದೊಡ್ಡ ಮೇಷ್ಟ್ರು ಮಲ್ಲಿಗೆ ಅಂದದ್ದು. ನಾನು ಅರಳಿದ ಹೂವನ್ನು ಬಿಟ್ಟು ಅಕ್ಕಿಕಾಳಿನಷ್ಟು ಎಳೆಯ ಮೊಗ್ಗನ್ನು ಸೀಳಿ ನೋಡಿದೆ. ಒಳಗೆ ನಾಲ್ಕು! ಎರಡು ಬೆಳೆಯುತ್ತವೆ, ಇನ್ನೆರಡು ಚುಕ್ಕಿಯಷ್ಟಕ್ಕೇ ನಿಂತು ಹೂ ಅರಳುವ ಹೊತ್ತಿಗೆ ಮಾಯ. ಅಂದರೆ ಇದರ ಹಿರಿಯರಿಗೆ ನಾಲ್ಕಿದ್ದವು, ಕಾಲ ಕಳೆದ ಹಾಗೆ ಎರಡು ಹೋದವು. ಹೀಗೆ ಕೇಸರ ಕಳೆದುಕೊಳ್ಳುವುದು ಕನಕಾಂಬರದ ಕುಟುಂಬದಲ್ಲಿ. ನೋಡಲು ಮಲ್ಲಿಗೆ, ಹುಟ್ಟಿದ ಮನೆ ಬೇರೆ. ಮುಖ ಒಂದೇ ಥರ ಇದ್ದ ಮಾತ್ರಕ್ಕೆ ಅಕ್ಕತಂಗಿಯರು ಅನ್ನುವ ಹಾಗಿಲ್ಲ, ಅತ್ತೆ.

ಓಡಿಹೋಗಿ ದೊಡ್ಡ ಮೇಷ್ಟ್ರಿಗೆ ಹೇಳಿದೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಕುರ್ಚಿ ಕೊಟ್ಟರು, ಚಹಾ ತರಿಸಿದರು. "ಚೆನ್ನಾಗಿ ನೋಡಿದ್ದೀಯ ಮಗಳೇ. ಆದರೆ ಒಂದು ವರ್ಷದ ಮೊಗ್ಗು ನೋಡಿ ಹೇಳಿದರೆ ಜನ ನಗ್ತಾರೆ. ಈ ವರ್ಷ ಹವೆ ಸರಿಯಿರಲಿಲ್ಲ. ಇನ್ನೊಂದು ಸಲ ನೋಡೋಣ," ಅಂದರು. ಹೂವಿನ ಕಾಲ ಮುಗಿದೇ ಹೋಯಿತು. ಇನ್ನೊಂದು ಸಲ ಅಂದರೆ ಇನ್ನೊಂದು ವರ್ಷ.

ಅವರ ಒಪ್ಪಿಗೆಯಿಲ್ಲದೆ ಇಲ್ಲಿಂದ ಒಂದು ಲೇಖನವೂ ಹೊರಗೆ ಹೋಗುವುದಿಲ್ಲ. ಬೇಸಿಗೆಯಲ್ಲಿ ಹತ್ತು ದಿನ ರಜೆ ಕೊಡುತ್ತಾರಂತೆ. ಇನ್ನೊಂದು ವರ್ಷ ಅಂತ ಇವರಿಗೆ ನೀವೇ ಹೇಳುತ್ತೀರಾ?


೯ ಡಿಸೆಂಬರ್ ೧೯೮೧

ಹುಡುಗಿ,

ಹೇಳಿದೆ. ಏನೂ ಅನ್ನಲಿಲ್ಲ. ಕೈ ತೊಳೆದು ಎದ್ದು ಹೋದ. ಏನೂ ಅನ್ನಲಿಲ್ಲ ಅಂದರೆ ಒಪ್ಪಿಕೊಂಡ ಅಂತ ನಾನು ತಿಳ್ಕೊಂಡೆ, ನೀನೂ ಹಾಗೇ ತಿಳ್ಕೋ.

ನಿನ್ನ ನಾಲ್ಕು ಕೇಸರದ ಕಥೆ ಗುಬ್ಬಿಗೆ ಹೇಳಿದೆ. "ಇನ್ನೆರಡು ಎಲ್ಲಿಗೆ ಹೋದವು?" ಅಂತ ಕೇಳಿದಳು. ಕೆಲಸಕ್ಕೆ ಹೋಗಿದಾವೆ ಅಂದೆ.

ಆ ಮೇಷ್ಟ್ರ ಚಹಾ ಕುಡಿಯೋವಾಗ ಸ್ವಲ್ಪ ಹುಷಾರು. ಗದರಿಸೋರಿಗೆ ತಿರುಗಿ ಗದರಿಸಬಹುದು. ಮಗಳೇ ಅನ್ನೋರಿಗೆ ಏನಂತೀಯ?

ಅತ್ತೆ


೧ ಡಿಸೆಂಬರ್ ೧೯೮೨

ಅತ್ತೆ,

ಬಹಳ ದಿನವಾಯಿತು ಬರೆದು. ಬೇಸಿಗೆಯಲ್ಲಿ ಬಂದಾಗ ಗುಬ್ಬಿ ನಿಮ್ಮ ಸೆರಗಿನ ಹಿಂದೆ ಅವಿತು ನನ್ನನ್ನು ನೋಡಿದಳಲ್ಲ, ಆ ಮುಖವೇ ಕಣ್ಣಿಗೆ ಕಟ್ಟಿದೆ. ಕಾಗದ ತೆಗೆದರೆ ಅದೇ ಎದುರಿಗೆ ಬರುತ್ತದೆ.

ಈ ವರ್ಷವೂ ಮೊಗ್ಗಿನೊಳಗೆ ನಾಲ್ಕೇ. ಪರಾಗವನ್ನೂ ನೋಡಿದೆ, ಅದೂ ಮಲ್ಲಿಗೆಯದಲ್ಲ. ದೊಡ್ಡ ಮೇಷ್ಟ್ರು ಒಂದೊಂದು ಚಿತ್ರವನ್ನೂ ತಾಳ್ಮೆಯಿಂದ ತಿರುವಿ ಹಾಕಿದರು. "ಎಲ್ಲ ಸರಿ. ಕಾಯಿ ನೋಡದೆ ಕುಟುಂಬ ಹೇಗೆ ಹೇಳ್ತೀಯ?" ಅಂದರು. ಈ ಗಿಡ ಕಾಯಿ ಕಟ್ಟಿದ್ದನ್ನು ಇದುವರೆಗೆ ಯಾರೂ ನೋಡಿಲ್ಲ. ಹೂ ಉದುರುತ್ತದೆ, ಅಷ್ಟೇ. ಬುಡದಿಂದ ಹೊಸ ಚಿಗುರೊಡೆದು ಬದುಕಿಕೊಳ್ಳುತ್ತದೆ.

ಕಾಯಿಗಾಗಿ ಕಾಯಬೇಕು. ಬೇರೆ ದಾರಿ ಇಲ್ಲ.

ನಿಮ್ಮ ಸೊಸೆ


೧೮ ಜನವರಿ ೧೯೮೩

ಹುಡುಗಿ,

ಇಲ್ಲಿ ಎಲ್ಲ ಚೆನ್ನಾಗಿದೆ. ನಿನ್ನ ಗಂಡ ಚೆನ್ನಾಗಿದಾನೆ. ಗುಬ್ಬಿ ಶಾಲೆಗೆ ಹೋಗ್ತಾಳೆ, ಮುಂದಿನ ಹಲ್ಲು ಬಿದ್ದಿದೆ, ಈಗ 'ಸ' ಅನ್ನೋಕೆ ಬಾಯಿಂದ ಗಾಳಿ ಬರುತ್ತೆ. ನಿನ್ನನ್ನ ಕೇಳೋದೇ ಇಲ್ಲ, ಆರಾಮಾಗಿದಾಳೆ. ಹಾಗಾಗಿ ನೀನು ಯೋಚನೆ ಮಾಡೋ ಕಾರಣವೇ ಇಲ್ಲ. ಕಾಯಿ ಬಿಡೋವರೆಗೂ ಕಾದು ಕೆಲಸ ಮುಗಿಸ್ಕೊಂಡೇ ಬಾ.

ಬೇಸಿಗೆಗೆ ಅಷ್ಟು ದೂರದಿಂದ ಬಂದು ಹೋಗೋ ಆಯಾಸ ಈ ಸಲ ಬೇಡ. ಮನೆಗೆ ಸುಣ್ಣಬಣ್ಣ ಮಾಡಿಸ್ತಾ ಇದೀವಿ.

ಅತ್ತೆ


೬ ಫೆಬ್ರವರಿ ೧೯೮೩

ಅತ್ತೆ,

ಕಾಗದ ತಲುಪಿತು. ಗುಬ್ಬಿ ಕೇಳದೆ ಇರುವುದು ಒಳ್ಳೆಯದೇ. ಬೇಸಿಗೆಗೆ ಬರುವುದಿಲ್ಲ.

ಬೀರುಗಳ ಕೋಣೆಯ ಕಿಟಕಿಗಳನ್ನು ಹುಳ ಬಾರದಂತೆ ಮೊಳೆ ಹೊಡೆದು ಮುಚ್ಚಿದ್ದಾರೆ. ಹೊರಗೆ ಬಿಸಿಲಿದೆಯೋ ಮೋಡವಿದೆಯೋ ಗಾಜಿನಲ್ಲಿ ಕಾಣುತ್ತದೆ, ಗಾಳಿ ಮಾತ್ರ ಬರುವುದಿಲ್ಲ. ಅಭ್ಯಾಸವಾಗಿದೆ.

ನಿಮ್ಮ ಸೊಸೆ


೨ ಏಪ್ರಿಲ್ ೧೯೮೩

ಮಗೂ,

ಇದನ್ನು ಕೂತು ಓದು.

ಸುಣ್ಣಬಣ್ಣ ಸುಳ್ಳು. ನನ್ನ ಮಗ ಫ್ಯಾಕ್ಟರಿಯ ಲೆಕ್ಕದ ವಿಭಾಗದ ಒಬ್ಬಳ ಜೊತೆ ಓಡಾಡ್ತಾ ಇದಾನೆ. ಹೋದ ವರ್ಷ ನೀನು ಬಂದು ಹೋದ ಮೇಲೆ ಶುರುವಾಗಿದ್ದು. ದೀಪಾನೂ ಹಚ್ಚದೆ ನಡುಮನೆಯಲ್ಲಿ ಕೂತಿದ್ದ ಒಂದು ಸಂಜೆ ನನಗೆ ಹೇಳಿದ. ನಿನಗೆ ಬರೀತೀನಿ ಅಂದೆ. "ಬರಿ. ಬರೆದ ದಿನವೇ ಮಗೂನ ಹಾಸ್ಟೆಲಿಗೆ ಹಾಕ್ತೀನಿ," ಅಂದ. ನನ್ನ ಹೊಟ್ಟೇಲಿ ಹುಟ್ಟಿದವನು.

ಅದಕ್ಕೇ ಎಲ್ಲ ಚೆನ್ನಾಗಿದೆ ಅಂತ ಬರೆದೆ. ಗುಬ್ಬಿ ಕೇಳಲ್ಲ ಅಂತ ಬರೆದೆ. ಅವಳು ದಿನಾ ಕೇಳ್ತಾಳೆ. ಅಂಚೆಯವನು ಬೀದಿ ತಿರುವಿನಲ್ಲಿ ಕಂಡರೆ ಕಿಟಕಿಯಿಂದಲೇ ಕೂಗ್ತಾಳೆ. ನೀನು ಓಡಿ ಬಂದು ಕೆಲಸವೂ ಹೋಗಿ, ಮಗುವೂ ಕೈತಪ್ಪಿ ಹೋದೀತು ಅಂತ ನನಗೆ ಹೆದರಿಕೆ. ನಿನ್ನ ಫೆಬ್ರವರಿ ಕಾಗದ ಓದಿದ ಮೇಲೆ ಗೊತ್ತಾಯ್ತು, ನೀನು ನನ್ನ ಮಾತು ನಂಬಿಬಿಟ್ಟೆ.

ಈಗ ಸುಮ್ಮನಿರೋಕೆ ಆಗಲ್ಲ. ಅವಳು ಮನೆಗೆ ಬರ್ತಾಳಂತೆ. ಅವಳಿಗೆ ಮಗು ಬೇಡವಂತೆ. ಜೂನಿನಲ್ಲಿ ಗುಬ್ಬಿ ಹಾಸ್ಟೆಲಿಗೆ. ನಾನು ಗೋಡೆ ಹಿಡ್ಕೊಂಡು ನಿಂತು ಜಗಳ ಮಾಡಿದೆ. ಕೊನೆಗೆ ನಿನ್ನ ಬಗ್ಗೆ ಅಂದ: "ಅವಳಿಗೆ ಒಂದು ಕಾಯಂ ಕೆಲಸ, ಒಂದು ಮನೆ ಇದ್ದರೆ ಕರ್ಕೊಂಡು ಹೋಗಲಿ. ಆ ಬೆಟ್ಟದ ಮೇಲಿನ ಕೋಣೆಗೆ ಮಗೂನ ಕಳಿಸಲ್ಲ."

ಕೆಲಸ ಎಲ್ಲಾದರೂ ಸಿಗುತ್ತಾ ನೋಡು. ಬೇಗ.

ಅತ್ತೆ


೧೪ ಏಪ್ರಿಲ್ ೧೯೮೩

ಅತ್ತೆ,

ಕೆಲಸ ಸಿಕ್ಕಿತು. ಬೆಟ್ಟದ ಕೆಳಗಿನ ಪಟ್ಟಣದ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಉಪನ್ಯಾಸಕಿ. ಒಂದು ವರ್ಷ ಪ್ರೊಬೇಷನ್, ಆಮೇಲೆ ಕಾಯಂ. ಸೈಕಲ್ ರಿಪೇರಿ ಅಂಗಡಿಯ ಹಿಂದೆ ಎರಡು ಕೋಣೆಯ ಮನೆ ಗೊತ್ತುಮಾಡಿದ್ದೇನೆ. ಮೇ ಹತ್ತಕ್ಕೆ ಬಂದು ಗುಬ್ಬಿಯನ್ನು ಕರೆದುಕೊಂಡು ಹೋಗುತ್ತೇನೆ. ಇವರಿಗೆ ಹೇಳಿ, ಏನು ಬರೆದುಕೊಡಬೇಕೋ ಬರೆದುಕೊಡುತ್ತೇನೆ.

ಇಷ್ಟು ಬೇಗ ಹೇಗೆ ಸಿಕ್ಕಿತು ಅಂತ ಮಾತ್ರ ಕೇಳಬೇಡಿ.


೨೫ ಸೆಪ್ಟೆಂಬರ್ ೧೯೮೩

ಹುಡುಗಿ,

ಗುಬ್ಬಿ ಬರೆದ ಕಾಗದ ಬಂತು. ಮೂರು ಸಾಲು, ಐದು ತಪ್ಪು, ಕೊನೇಲಿ ಬೆಕ್ಕಿನ ಚಿತ್ರ. ದಿಂಬಿನ ಕೆಳಗೆ ಇಟ್ಕೊಂಡಿದೀನಿ.

ಇಲ್ಲಿ ಹೊಸಬಳು ಬಂದಾಯ್ತು. ಕೆಟ್ಟವಳೇನಲ್ಲ. ನನ್ನ ಮಂಚವನ್ನು ನಡುಮನೆಗೆ ಹಾಕಿಸಿದಾಳೆ, ಓಡಾಡೋ ಜಾಗದಲ್ಲಿ. "ಅಮ್ಮನಿಗೆ ಗಾಳಿ ಬರುತ್ತೆ" ಅಂತಾಳೆ. ರೇಡಿಯೋ ಅವರ ಕೋಣೆಗೆ ಹೋಯ್ತು. ಮಾತಾಡೋಕೆ ಈಗ ಟೈರ್ ಅಂಗಡಿಯವನೊಬ್ಬನೇ, ಅವನೂ ಕೆಳಗಿನಿಂದ ಕೈ ಬೀಸ್ತಾನೆ ಅಷ್ಟೇ.

ಕೇಳಬೇಡಿ ಅಂತ ನೀನು ಅಂದಿದ್ದೆ, ನಾನು ಐದು ತಿಂಗಳು ಬಾಯಿ ಮುಚ್ಕೊಂಡಿದ್ದೆ. ನೀನು ಬಂದು ಮಗೂನ ಕರ್ಕೊಂಡು ಹೋದ ದಿನ ನನ್ನ ಮುಖ ನೋಡಲಿಲ್ಲ. ಗಂಡ ಕೈಬಿಟ್ಟ ದುಃಖ ಅಂದ್ಕೊಂಡೆ. ಅದಲ್ಲ ಅಂತ ಈಗ ಅನ್ನಿಸ್ತಾ ಇದೆ. ನಿನ್ನ ಕಾಗದದಲ್ಲಿ ಪಾಠ ಇದೆ, ಮನೆ ಇದೆ, ಗುಬ್ಬಿ ಇದಾಳೆ, ಆ ಗಿಡದ ಸುದ್ದಿ ಮಾತ್ರ ಇಲ್ಲ. ಹಗಲೂ ರಾತ್ರಿ ಅದನ್ನೇ ಬರೀತಿದ್ದವಳು ನೀನು. ಏನಾಯ್ತು?

ಅತ್ತೆ


೫ ಅಕ್ಟೋಬರ್ ೧೯೮೩

ಅತ್ತೆ,

ಹೇಳಿಬಿಡುತ್ತೇನೆ.

ಹೋದ ಡಿಸೆಂಬರಿನಲ್ಲಿ ಬೇರೆ ದಾರಿ ಇಲ್ಲ ಅಂತ ಬರೆದಿದ್ದೆ. ಇತ್ತು. ಕಾಯಿಯ ಮಾತು ಮುಗಿಸಿ ದೊಡ್ಡ ಮೇಷ್ಟ್ರು ತಮ್ಮ ಪುಸ್ತಕದ ಮಲ್ಲಿಗೆಯ ಅಧ್ಯಾಯವನ್ನು ನನ್ನ ಮುಂದಿಟ್ಟರು. ಅವರ ಹೆಸರಿನ ಪಕ್ಕದಲ್ಲಿ ನನ್ನ ಹೆಸರನ್ನೂ ಟೈಪ್ ಮಾಡಿಸಿದ್ದರು. "ಇದಕ್ಕೆ ಸಹಿ ಹಾಕು ಮಗಳೇ. ಕೆಳಗಿನ ಕಾಲೇಜಿನಲ್ಲಿ ಜಾಗ ಖಾಲಿಯಿದೆ, ನಾನು ಹೇಳಿದರೆ ಇಲ್ಲ ಅನ್ನಲ್ಲ. ಮಗು ಜೊತೆ ಇರು. ಗಿಡ ಎಲ್ಲಿಗೂ ಓಡಿಹೋಗಲ್ಲ, ಮುಂದೆ ಯಾರಾದರೂ ತಿದ್ದಿಕೊಳ್ತಾರೆ." ನಾನು ಒಲ್ಲೆ ಅಂದೆ. ಬಾಗಿಲು ತೆರೆದೇ ಇತ್ತು ಅತ್ತೆ, ನಾನೇ ಹೊರಗೆ ಬರಲಿಲ್ಲ. ನಿಮಗೆ ಹೇಳಲು ಧೈರ್ಯ ಬರಲಿಲ್ಲ. ಮಗುವಿಗಿಂತ ಒಂದು ಮೊಗ್ಗು ಹೆಚ್ಚಾಯಿತಾ ಅಂತ ನೀವು ಕೇಳುತ್ತೀರಿ ಅಂತ ಹೆದರಿದೆ.

ಏಪ್ರಿಲಿನಲ್ಲಿ ನಿಮ್ಮ ಕಾಗದ ಬಂದ ದಿನ ಹೋಗಿ ಸಹಿ ಹಾಕಿದೆ. ಅವರು ಕಣ್ಣೊರೆಸಿಕೊಂಡರು. ನನ್ನ ತಲೆ ಮೇಲೆ ಕೈಯಿಟ್ಟರು.

ಪುಸ್ತಕ ಬರುವ ವರ್ಷ ಅಚ್ಚಾಗುತ್ತದೆ. ಈಗ ತರಗತಿಯಲ್ಲಿ ಆ ಅಧ್ಯಾಯದ ಕರಡನ್ನೇ ಪಾಠ ಮಾಡುತ್ತಿದ್ದೇನೆ. ಕಪ್ಪುಹಲಗೆ ಮೇಲೆ ನಾನೇ ಬರೆಯುತ್ತೇನೆ: ಮಲ್ಲಿಗೆ ಕುಟುಂಬ. ಬರೆದು, ಕೈಗೆ ಅಂಟಿದ ಸೀಮೆಸುಣ್ಣ ತೊಳೆದುಕೊಂಡು ಮನೆಗೆ ಬರುತ್ತೇನೆ. ಗುಬ್ಬಿಗೋಸ್ಕರ ಅಲ್ಲವಾ ಅಂತ ಸಮಾಧಾನ ಮಾಡಿಕೊಳ್ಳುತ್ತೇನೆ.


೧೨ ಅಕ್ಟೋಬರ್ ೧೯೮೩

ಡಿಸೆಂಬರಿನಲ್ಲೇ ಬರಬಹುದಿತ್ತು ಅಂತೀಯ! ಆ ಮಗು ಕಿಟಕಿ ಸರಳು ಹಿಡ್ಕೊಂಡು ಅಂಚೆಯವನನ್ನ ಕೂಗ್ತಿತ್ತು, ನಾನು ಇಲ್ಲಿ ನಾಲಿಗೆ ಕಚ್ಚಿಕೊಂಡು ಸುಳ್ಳು ಬರೀತಿದ್ದೆ, ನೀನು ಅಲ್ಲಿ ಬಾಗಿಲು ತೆರೆದಿಟ್ಕೊಂಡು ಕೂತಿದ್ದೆಯಾ?

ಇನ್ನು ಬರೆಯೋಕೆ ಆಗಲ್ಲ.


೨೦ ಅಕ್ಟೋಬರ್ ೧೯೮೩

ಮಗೂ,

ಎಂಟು ದಿನ ಮೈಯೆಲ್ಲ ಉರೀತು. ಆಮೇಲೆ ಇನ್ನೊಂದು ಸಿಟ್ಟು ಬಂತು, ಅದು ಮೊದಲನೆಯದಕ್ಕಿಂತ ದೊಡ್ಡದು. ಅಷ್ಟು ದಿನ ಬಗ್ಗದವಳು ನನ್ನ ಒಂದು ಕಾಗದಕ್ಕೆ ಬಗ್ಗಿಬಿಟ್ಟೆಯಲ್ಲ! ಏನು ಕೊಡಬೇಕಾಗುತ್ತೆ ಅಂತ ನನಗೆ ಒಂದು ಮಾತು ಹೇಳಿದ್ದರೆ ನಾವಿಬ್ಬರೂ ಸೇರಿ ಬೇರೆ ಏನಾದರೂ ಯೋಚನೆ ಮಾಡ್ತಿದ್ವಿ. ನಾನು ಹೇಳದೆ ಕೆಡಿಸಿದೆ, ನೀನು ಹೇಳದೆ ಕೆಡಿಸಿದೆ. ಇಬ್ಬರೂ ಮಗೂ ಹೆಸರು ಹೇಳಿದ್ವಿ.

ಅದನ್ನ ಇಲ್ಲಿಗೇ ಬಿಡೋಣ. ಗುಬ್ಬಿಗೋಸ್ಕರ ಅಂತ ಆ ಮಗೂ ತಲೆ ಮೇಲೆ ಹಾಕಬೇಡ. ನಾಳೆ ದೊಡ್ಡವಳಾಗಿ ಆ ಪುಸ್ತಕ ತೆಗೀತಾಳೆ, ಅಮ್ಮ ನೀನು ನೋಡಿದ್ದು ನಾಲ್ಕಲ್ಲವಾ ಅಂತಾಳೆ. ಆಗ ನಿನಗೋಸ್ಕರ ಕಣೇ ಅಂತೀಯಾ? ಅವಳು ಕೇಳಿದ್ದಳಾ?

ಮಗು ಹೇಗಿದ್ದರೂ ಈಗ ನಿನ್ನ ಹತ್ತಿರ ಇದೆ. ಪುಸ್ತಕ ಇನ್ನೂ ಅಚ್ಚಾಗಿಲ್ಲ. ಮುಂದಿನದು ನಿನಗೆ ಬಿಟ್ಟಿದ್ದು.

ಅತ್ತೆ


೮ ಜನವರಿ ೧೯೮೪

ಅತ್ತೆ,

ನವೆಂಬರಿನಲ್ಲಿ ಗುಬ್ಬಿಯನ್ನೂ ಕರೆದುಕೊಂಡು ಬೆಟ್ಟಕ್ಕೆ ಹೋದೆ. ಹೂವಿನ ಕಾಲ. ಒಂದು ಮೊಗ್ಗು ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟು ದೊಡ್ಡ ಮೇಷ್ಟ್ರನ್ನು ಕರೆದೆ. "ನೋಡಿ ಸರ್" ಅಂದೆ. ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಒರೆಸಿದರು. ಬಗ್ಗಿ ನೋಡಲಿಲ್ಲ.

"ನನ್ನ ಹೆಸರು ತೆಗೆದುಬಿಡಿ ಸರ್. ನಾನು ನೋಡಿದ್ದನ್ನು ಬೇರೆಯಾಗಿ ಬರೆದು ಕಳಿಸ್ತಿದ್ದೀನಿ."

"ನಾನು ಇನ್ನೆಷ್ಟು ದಿನ ಮಗಳೇ? ನಾನು ಹೋದ ಮೇಲೆ ಬರಿ."

"ಇಲ್ಲ ಸರ್. ನೀವು ಎದುರಿಗಿರುವಾಗಲೇ ಹೇಳಬೇಕು. ಆಮೇಲೆ ಹೇಳಿದರೆ ನೀವು ಉತ್ತರ ಕೊಡೋಕಾಗಲ್ಲ."

ಕನ್ನಡಕ ಮೂಗಿಗೇರಿಸಿ ಬೀರುಗಳ ಕಡೆ ತಿರುಗಿದರು. ಕೋಣೆಯಲ್ಲಿ ಆ ನ್ಯಾಫ್ತಲಿನ್ ವಾಸನೆ, ಮುಚ್ಚಿದ ಕಿಟಕಿ. ಅಲ್ಲಿ ನಾನು ಕೂತಿದ್ದು ಎರಡು ವರ್ಷ, ಅವರು ಕೂತಿದ್ದು ಒಂದು ಇಡೀ ಆಯುಷ್ಯ. ನನಗೆ ಅವರ ಮೇಲೆ ಸಿಟ್ಟು ಬರಲೇ ಇಲ್ಲ, ಅದೇ ಕಷ್ಟವಾಯಿತು. ಕೊನೆಗೆ, "ಗೇಟು ಹಾಕೋ ಹೊತ್ತಾಯ್ತು" ಅಂದರು. ಈ ಸಲ ಮಗಳೇ ಅನ್ನಲಿಲ್ಲ.

ಪುಸ್ತಕದಿಂದ ನನ್ನ ಹೆಸರು ಹೋಗಿದೆ. ಗಿಡ ಅವರ ಪುಟದಲ್ಲಿ ಮಲ್ಲಿಗೆಯಾಗಿಯೇ ಇರುತ್ತದೆ. ನನ್ನ ಬರಹವನ್ನು ಒಂದು ಸಣ್ಣ ಪತ್ರಿಕೆ ಒಪ್ಪಿಕೊಂಡಿದೆ, ಎರಡೇ ಪುಟ. ಯಾರು ಓದುತ್ತಾರೋ ಗೊತ್ತಿಲ್ಲ. ಕಾಲೇಜಿನವರು ಮಾರ್ಚಿ ನಂತರ ಬರುವುದು ಬೇಡ ಅಂದಿದ್ದಾರೆ. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹುಡುಗಿಯರ ಶಾಲೆಯೊಂದರಲ್ಲಿ ವಿಜ್ಞಾನದ ಪಾಠಕ್ಕೆ ಮಾತಾಡಿದ್ದೇನೆ. ಅದು ಕಾಯಂ ಅಲ್ಲ.

ಈಗ ನನಗಿರುವ ಭಯ ಒಂದೇ. ಕಾಯಂ ಕೆಲಸ ಇದ್ದರೆ ಮಗು ಅಂತ ನಿಮ್ಮ ಮಗ ಅಂದಿದ್ದರು. ಈ ಸುದ್ದಿಯನ್ನು ಅವರಿಗೆ ಮುಟ್ಟಿಸಬೇಕೋ ಬೇಡವೋ? ನಿಮ್ಮಿಂದ ಇನ್ನೇನನ್ನೂ ಮುಚ್ಚಿಡುವುದಿಲ್ಲ ಅಂತ ತೀರ್ಮಾನಿಸಿದ್ದೇನೆ, ಅದಕ್ಕೇ ಬರೆದೆ.

ನಿಮ್ಮ ಸೊಸೆ


೨೭ ಜನವರಿ ೧೯೮೪

ಹುಡುಗಿ,

ನಾನೇ ಮುಟ್ಟಿಸಿದೆ. ನಿನ್ನ ಕಾಗದವನ್ನ ಅವನ ಎದುರಿಗೇ ಗಟ್ಟಿಯಾಗಿ ಓದಿದೆ, ಹೊಸಬಳೂ ಇದ್ದಳು. ಓದಿ ಮುಗಿಸಿ, "ಕಾಯಂ ಕೆಲಸ ಹೋಯ್ತು. ಮಗೂನ ವಾಪಸ್ ಕರೆಸ್ತೀಯಾ? ಇವತ್ತೇ ಹೇಳು" ಅಂದೆ. ಅವನು ಅವಳ ಮುಖ ನೋಡಿದ. ಅವಳು ಎದ್ದು ಕಿಟಕಿ ಹಾಕಿದಳು, ಹೊರಗೆ ಕೇಳಿಸೀತು ಅಂತ. "ಅಲ್ಲೇ ಇರಲಿ ಬಿಡು," ಅಂದ. ಅವನಿಗೆ ಬೇಕಾಗಿದ್ದದ್ದು ಮಗು ಅಲ್ಲ, ಶರತ್ತು. ಇಷ್ಟು ದಿನ ಇದಕ್ಕೆ ಹೆದರಿ ಸತ್ತೆವಲ್ಲ ಇಬ್ಬರೂ! ಮಗು ನಿನ್ನ ಹತ್ತಿರವೇ ಅಂತ ಬರೆಸಿಕೊಂಡು ಸಹಿ ಹಾಕಿಸಿದೀನಿ, ತರ್ತೀನಿ.

ಹೌದು, ತರ್ತೀನಿ ಅಂತಲೇ ಬರೆದಿದ್ದು. ಮಂಡಿ ಒಪ್ಪಲಿ ಬಿಡಲಿ, ಬರೋ ತಿಂಗಳು ಹದಿನೈದನೇ ತಾರೀಖು ಬರ್ತಾ ಇದೀನಿ. ಪೆಟ್ಟಿಗೆ ಕಟ್ಟೋವಾಗ ನನ್ನ ಮಗ ಬಂದು ಬಾಗಿಲಲ್ಲಿ ನಿಂತ.

"ಅಮ್ಮಾ, ವಿಚ್ಛೇದನದ ಕಾಗದಪತ್ರ ಎಲ್ಲ ಮುಗಿದಮೇಲೆ ಅವಳು ನಮಗೆ ಏನಾಗಬೇಕು? ಯಾವ ಸಂಬಂಧ ಅಂತ ಅಲ್ಲಿ ಹೋಗಿ ಕೂರ್ತೀಯ? ಜನ ಕೇಳಿದರೆ ಏನಂತೀಯ?"

ಕೇಳಿದ್ದು ಸರಿಯಾಗೇ ಕೇಳಿದ. ಸೊಸೆ ಅನ್ನೋ ಹಾಗಿಲ್ಲ, ಮಗಳು ಅನ್ನೋಕೆ ಹೆತ್ತಿಲ್ಲ. ಅದೂ ಅಲ್ಲದೆ ಮಗಳೇ ಅನ್ನಿಸಿಕೊಂಡು ನಿನಗೆ ಸಾಕಾಗಿದೆ. ಸೀರೆ ಮಡಿಸ್ತಾ ಮಡಿಸ್ತಾ ಯೋಚನೆ ಮಾಡಿದೆ, ಒಂದು ಹೆಸರೂ ಹೊಳೀಲಿಲ್ಲ.

"ಗೊತ್ತಿಲ್ಲ ಕಣಪ್ಪ," ಅಂದೆ. "ಪೆಟ್ಟಿಗೆ ಭಾರ ಇದೆ, ಆ ಕಡೆ ಹಿಡ್ಕೋ."

ಹಿಡ್ಕೊಂಡ.